ಅಮ್ಮನಿಗೆ ನಲವತ್ತು

ವಾಸಿಯಾಗದ ಕಾಯಿಲೆಯವರನ್ನು ಮದ್ದು ಸಿಗುವ ಕಾಲದವರೆಗೆ ಶೀತನಿದ್ರೆಯಲ್ಲಿ ಮಲಗಿಸಿಡುವುದು ಈಗ ಹೊಸದೇನಲ್ಲ. ವಾರಿಜಾಳ ತಾಯಿ ಕಾತ್ಯಾಯಿನಿಯೂ ಹಾಗೆ ಮಲಗಿ, ಮೂವತ್ತೈದು ವರ್ಷದ ಮೇಲೆ ಎದ್ದು ಮನೆಗೆ ಬಂದಿದ್ದಳು. ಅವಳ ವಯಸ್ಸು ಮಾತ್ರ ಏರಿರಲಿಲ್ಲ. ನಾಳೆ ಅಮ್ಮನಿಗೆ ನಲವತ್ತು ತುಂಬುತ್ತದೆ. ಮಗಳಿಗಾಗಲೇ ಐವತ್ತು ದಾಟಿದೆ.

ಹುಟ್ಟುಹಬ್ಬದ ಕಾರ್ಡು ಹಿಡಿದು ಕುಳಿತ ವಾರಿಜಾಳಿಗೆ ಏನು ಬರೆಯಬೇಕೆಂದೇ ತೋಚಲಿಲ್ಲ. ಅವಳ ನರೆಗೂದಲು ಕಂಡು ಗಲಿಬಿಲಿಗೊಂಡ ಅಮ್ಮ, ಬಂದಾಗಿನಿಂದ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು.

"ಏನು ಬರೀತಿದ್ದೀರಿ?" ಎನ್ನುತ್ತ ಅಮ್ಮ ಹತ್ತಿರ ಬಂದಳು.

"ನೂರ್ಕಾಲ ಬಾಳು ಅಂತ ಹರಸಬೇಕೋ, ನಮಸ್ಕಾರ ಅನ್ನಬೇಕೋ, ಒಂದೂ ಗೊತ್ತಾಗ್ತಿಲ್ಲಮ್ಮಾ," ಎಂದು ವಾರಿಜಾ ಅತ್ತೇಬಿಟ್ಟಳು.

ಕಾತ್ಯಾಯಿನಿ ಸೆರಗಿನ ತುದಿಯನ್ನು ಅವಳ ಮುಂದೆ ಹಿಡಿದಳು.

"ಇಷ್ಟಕ್ಕೆಲ್ಲ ಅಳ್ತೀಯೇನೇ? ಮೊದಲು ಮೂಗು ಒರೆಸ್ಕೋ."