ಎಡಗಾಲಿನ ಗೆಜ್ಜೆ

ನರ್ತಕಿಯನ್ನು ಕೆತ್ತಿದ ಕಲ್ಲುಕಂಬದ ಮುಂದೆ ಹನ್ನೆರಡು ಪ್ರವಾಸಿಗರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ವಿವರಿಸುತ್ತಿದ್ದ ವಿದ್ಯಾರ್ಥಿನಿ ಹುಲಿಗೆಮ್ಮನ ಕಣ್ಣಿಗೂ, ಪರೀಕ್ಷಕ ಪಂಪಣ್ಣ ಮೇಷ್ಟ್ರ ಕಣ್ಣಿಗೂ ಬಟ್ಟೆ. ವಿಶ್ವವಿದ್ಯಾಲಯದ ಪ್ರವಾಸೋದ್ಯಮ ವಿಭಾಗದ ಕೊನೆಯ ಪರೀಕ್ಷೆ ಅದು.

ಈ ಶಿಲ್ಪವನ್ನು ಒಬ್ಬರು ಒಮ್ಮೆ ನೋಡಿದರೂ ಸಾಕು, ನೋಟ ಬಿದ್ದಲ್ಲಿ ಕಡಲೆಕಾಳಿನಷ್ಟು ಕಲ್ಲು ಕರಗಿಹೋಗುತ್ತದೆ. ಹಾಗಾಗಿ ವಿಶ್ವವಿದ್ಯಾಲಯ ಇಲ್ಲಿ ಯಾರಿಗೂ ನೋಡಲು ಬಿಡುವುದಿಲ್ಲ. ಗೈಡ್ ಆಗುವವರು ಹಳೆಯ ಪುಸ್ತಕದ ವರ್ಣನೆಯನ್ನು ಬಾಯಿಪಾಠ ಮಾಡಿ ಹೇಳಬೇಕು. ಕದ್ದು ನೋಡಿದವರು ಮತ್ತೆಂದೂ ಈ ಆವರಣದೊಳಗೆ ಕಾಲಿಡುವಂತಿಲ್ಲ.

ಹುಲಿಗೆಮ್ಮ ಸೊಂಟದ ಬಳುಕು, ಬೆರಳಿನ ಮುದ್ರೆ ಎಲ್ಲ ಹೇಳಿ ಪಾದಕ್ಕೆ ಬಂದಳು. ಅಜ್ಜಿಯೊಬ್ಬಳು “ಆಹಾ” ಎಂದಳು.

“ಎಡಗಾಲಾಗ ಗೆಜ್ಜಿ ಎಷ್ಟದಾವು?” ಮೇಷ್ಟ್ರು ಕೇಳಿದರು.

“ಏಳು ಅದಾವ್ರಿ ಸರ್.”

ಪುಸ್ತಕದಲ್ಲಿದ್ದದ್ದು ಒಂಬತ್ತು. ಏಳನ್ನು ಅವಳು ಹೋದ ವಾರ, ಕಸ ಗುಡಿಸುವ ಪಾಳಿಯಲ್ಲಿ, ಕಣ್ಣಿನ ಬಟ್ಟೆ ಸರಿಸಿ ಎಣಿಸಿದ್ದಳು.

ಮೇಷ್ಟ್ರ ಊರುಗೋಲು ಟಕ್ ಟಕ್ ಎನ್ನುತ್ತ ಹತ್ತಿರ ಬಂದು ನಿಂತಿತು.

“ಒಂಬತ್ತು ಅನ್ನವ್ವಾ,” ಎಂದರು, ಅವಳಿಗಷ್ಟೇ ಕೇಳುವಂತೆ. “ನಾ ನೋಡಿದಾಗ ಎಂಟಿದ್ವು.”