ಥಿಯೇಟರ್ ಚೌಕದ ಹುಡುಗಿ

ಮರಿತಾಯಮ್ಮ ಸೂಟ್‌ಕೇಸಿನ ಜಿಪ್ಪು ಎಳೆದು ಅದರ ಮೇಲೇ ಕೂತರು. ಎಪ್ಪತ್ತರ ಹತ್ತಿರ ಬಂದ ಹೆಂಗಸು ಗಂಡನನ್ನು ಬಿಟ್ಟು ಹೊರಡುವಾಗ ಎಷ್ಟು ಸೀರೆ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟು ಇಟ್ಟಿದ್ದರು. ಕೊರಳಲ್ಲಿದ್ದ ಜೇನುಬಣ್ಣದ ಅಂಬರ್ ಸರವನ್ನು ಬಿಚ್ಚಿ ಬಾಗಿಲ ಬಳಿಯ ಶೂ ಸ್ಟ್ಯಾಂಡಿನ ಮೇಲೆ ಎಸೆದಿದ್ದರು.

ಮಗಳು ನವ್ಯಾ ಮೀಟಿಂಗು ಅರ್ಧಕ್ಕೆ ಬಿಟ್ಟು ಸ್ಯಾನ್ ಮಟಿಯೋದ ಆಫೀಸಿನಿಂದ ಎವರ್‌ಗ್ರೀನಿನ ಅಪ್ಪ-ಅಮ್ಮನ ಮನೆಗೆ ಓಡಿ ಬಂದಳು.

"ಏನಾಯ್ತಮ್ಮ? ಫೋನಲ್ಲಿ ಬರೀ 'ಬಾ' ಅಂದ್ರೆ ನಾನೇನ್ ತಿಳ್ಕೋಬೇಕು?"

"ನಿನ್ನ ಮನೇಲಿ ನಂಗೊಂದು ರೂಮು ಕೊಡು. ನಾನಿನ್ನು ಇಲ್ಲಿರಕಿಲ್ಲ."

"ಅಪ್ಪ ಎಲ್ಲಿ?"

"ಗರಾಜಲ್ಲವ್ರೆ. ಆ ಪೇಡಾ ಊರಿನ ಪುರಾಣ ಊದ್ತಾವ್ರೆ."

ಪೇಡಾ ಊರೆಂದರೆ ಕ್ಲೈಪೆಡಾ. ಬಾಲ್ಟಿಕ್ ಸಮುದ್ರದ ದಂಡೆಯ ಬಂದರು. ಮರಿತಾಯಮ್ಮನ ಗಂಡ ಶಿವರಾಮು ಸರಕುಹಡಗಿನ ಫಿಟ್ಟರಾಗಿದ್ದಾಗ ಅಲ್ಲಿ ಹನ್ನೊಂದು ದಿನ ಇದ್ದರು. ಈಗ ಹಡಗಿನ ಗೆಳೆಯ ಚೆಲುವರಾಜುವಿಗೆ ದಿನಕ್ಕೆ ಆರು ವಾಯ್ಸ್ ನೋಟು ಕಳಿಸುತ್ತಾರೆ. ಅವತ್ತು ಬೆಳಿಗ್ಗೆ ಅದರಲ್ಲೊಂದು ದಾರಿ ತಪ್ಪಿ ಫ್ಯಾಮಿಲಿ ಗ್ರೂಪಿಗೆ ಬಿದ್ದಿತ್ತು. ಮರಿತಾಯಮ್ಮ ಫೋನು ಮಗಳ ಕಿವಿಗೆ ಹಿಡಿದರು. ಶಿವರಾಮು ದನಿ ಗುಡುಗಿತು.

"ಕೇಳ್ಲಾ ಚೆಲುವ. ಸಾವಿರದಿನ್ನೂರ ಐವತ್ತೆರಡರಲ್ಲಿ ಜರ್ಮನ್ ನೈಟುಗಳು, ಅದೇ ಕುದುರೆ ಸರದಾರರು, ಕೋಟೆ ಕಟ್ಟಿ ಮೆಮೆಲ್ ಅಂತ ಹೆಸರಿಟ್ರು. ನೆಪೋಲಿಯನ್ನು ಅಟ್ಟಿಸ್ಕೊಂಡು ಬಂದಾಗ ಪ್ರಷ್ಯಾದ ರಾಜ ಹೆಂಡ್ತಿ ಸಮೇತ ಅಲ್ಲಿಗೇ ಓಡಿಬಂದ. ಚಳಿಗಾಲದಲ್ಲೂ ನೀರು ಗಡ್ಡೆ ಕಟ್ಟಲ್ಲ ನೋಡು, ಅದಕ್ಕೇ ಎಲ್ಲ ನನ್ಮಕ್ಕಳಿಗೂ ಆ ಬಂದರೇ ಬೇಕು. ಯುದ್ಧದಲ್ಲಿ ಊರು ಅರ್ಧ ಪುಡಿ. ನಾವು ಹೋಗಿದ್ದು ಎಂಬತ್ಮೂರು. ಇಂಡಿಯಾ ಕಪ್ ಗೆದ್ದಿದ್ದನ್ನ ಹಡಗಿನ ರೇಡಿಯೋದಲ್ಲಿ ಕೇಳಿದ್ವಲ್ಲ, ಆ ವರ್ಷ. ಮರದ ಚೌಕಟ್ಟಿನ ಹಳೇ ಉಗ್ರಾಣಗಳು, ಡಾನೆ ನದಿ, ಫೆರಿ ಹತ್ತಿದ್ರೆ ಆಚೆಗೆ ಮರಳುಗುಡ್ಡ. ಅವೆಲ್ಲ ಹಾಳಾಗ್ಲಿ. ನಂಗೆ ನೆನಪಿರೋದು ಥಿಯೇಟರ್ ಹುಡುಗಿ. ಅಷ್ಟು ದೊಡ್ಡ ಖಾಲಿ ಚೌಕ, ಮಳೆ, ಬರಿಗಾಲಲ್ಲಿ ಒಬ್ಳೇ ನಿಂತಿದ್ಲಲ್ಲೋ! ಹನ್ನೊಂದು ದಿನವೂ ಹೋದೆ. ನನ್ನ ಮಾತು ಅವಳಿಗೆ ತಿಳೀದು. ಅವಳ ಎದುರಿಗೇ ನಿಂತು ನಮ್ಮನೆ ಮರಿಗೆ ಅಲ್ಲಿನ ಅಂಬರ್ ಸರ ಆರಿಸ್ದೆ. ಬೇಡ ಅನ್ನಲಿಲ್ಲ, ಪಾಪ."

"ಎಂಬತ್ಮೂರು!" ಮರಿತಾಯಮ್ಮ ಫೋನನ್ನು ಸೂಟ್‌ಕೇಸಿನ ಮೇಲೆ ಕುಕ್ಕಿದರು. "ನಾನು ನಿನ್ನನ್ನ ಹೊಟ್ಟೇಲಿ ಇಟ್ಕೊಂಡು ಮದ್ದೂರಲ್ಲಿ ವಾಂತಿ ಮಾಡ್ತಾ ಕೂತಿದ್ದೆ. ಇವರು ಅಲ್ಲಿ ಬರಿಗಾಲೋಳ ಜೊತೆ! ಆ ಸರಾನ ನಲವತ್ತು ವರ್ಷ ತಾಳಿ ಪಕ್ಕದಲ್ಲಿ ಹಾಕ್ಕೊಂಡೆನಲ್ಲೇ, ಅವಳು ಒಪ್ಪಿದ ಸರಾನ!"

ನವ್ಯಾ ಸೀದಾ ಗರಾಜಿಗೆ ನುಗ್ಗಿದಳು. ಶಿವರಾಮು ವಾಷಿಂಗ್ ಮೆಷಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡು, ಟ್ಯಾಬ್ಲೆಟ್ಟಿನಲ್ಲಿ ಆ ಊರಿನ ಪ್ರವಾಸಿ ಪುಟ ತೆರೆದಿಟ್ಟುಕೊಂಡಿದ್ದರು. ಇಸವಿ ತಪ್ಪಿದರೆ ಚೆಲುವರಾಜು ಬಿಡುವವನಲ್ಲ.

"ಅಪ್ಪಾ, ಸೀರಿಯಸ್ಸಾಗಿ ಕೇಳ್ತಿದೀನಿ. ಯಾರು ಆ ಥಿಯೇಟರ್ ಹುಡುಗಿ? ಅಮ್ಮ ಬ್ಯಾಗು ಪ್ಯಾಕ್ ಮಾಡಿದಾರೆ."

ಶಿವರಾಮು ಕೆಮ್ಮಿದರು. ನೀರು ಕುಡಿದರು. ಇನ್ನೊಮ್ಮೆ ಕೆಮ್ಮಿದರು. ಬಿದ್ದ ನಟ್ಟು ಹುಡುಕುವ ಫಿಟ್ಟರಿನಂತೆ ಬೆರಳು ಪುಟದ ಮೇಲೆ ಮೇಲೂ ಕೆಳಗೂ ಓಡಿತು. ಆಮೇಲೆ ಗಹಗಹಿಸಿ ನಕ್ಕರು.

"ಅಯ್ಯೋ ಪೆದ್ದುಮುಂಡೇವಾ! ಬೊಂಬೆ ಕಣವ್ವ ಅವಳು!"

ಟ್ಯಾಬ್ಲೆಟ್ಟು ಇತ್ತ ತಿರುಗಿತು. ಥಿಯೇಟರಿನ ಕಟ್ಟಡ. ಎದುರಿಗೆ ಚೌಕ. ಚೌಕದ ಕಾರಂಜಿಯ ಮೇಲೆ ಕಂಚಿನ ಹುಡುಗಿ. ಬರಿಗಾಲು.

ಬಾಗಿಲಲ್ಲಿ ಮರಿತಾಯಮ್ಮ ನಿಂತಿದ್ದರು. "ಬೊಂಬೆಗೆ ಯಾರಾದ್ರೂ 'ಅವಳು' ಅಂತಾರಾ?"

"ನಿಮ್ಮೂರ ಮಾರಮ್ಮ ಕಲ್ಲಲ್ವಾ? ಹೋಗಿ 'ಅದು' ಅಂದು ನೋಡು. ನಿನ್ನ ತಮ್ಮ ಊರೊಳಕ್ಕೆ ಬಿಟ್ಕೊಂಡ್ರೆ ನನ್ನ ಮೀಸೆ ಬೋಳಿಸ್ತೀನಿ."

ಮಾರಮ್ಮನನ್ನು ಮರಿತಾಯಮ್ಮ ಹುಟ್ಟಿದಾಗಿನಿಂದ ಅವಳು ಎಂದೇ ಕರೆದವರು.

"ಮತ್ತೆ, ನಿಮ್ಮ ಮಾತು ತಿಳೀದು ಅಂದ್ರಿ?"

"ಕಂಚಿಗೆ ಕನ್ನಡ ಬತ್ತದಾ?"

"ಸರ ಬೇಡ ಅನ್ನಲಿಲ್ಲ ಅಂದ್ರಿ?"

"ಬೊಂಬೆ ಬೇಡ ಅಂದಿದ್ರೆ ನಾನು ಅಲ್ಲೇ ಎದೆ ಒಡ್ಕೊಂಡು ಸಾಯ್ತಿದ್ದೆ."

ನವ್ಯಾ ಪಕ್ಕನೆ ನಕ್ಕಳು. ಮರಿತಾಯಮ್ಮ ನಗಲಿಲ್ಲ, ಆದರೆ ಸೆರಗು ತುಟಿಗೆ ಹೋಯಿತು. "ಹನ್ನೊಂದು ದಿನ ಬೊಂಬೆ ನೋಡಕ್ಕೆ ಹೋದ್ರಾ? ತಲೆ ಕೆಟ್ಟಿತ್ತಾ?"

"ಇನ್ನೇನ್ ಮಾಡ್ಲಿ? ನೀನಿರಲಿಲ್ವಲ್ಲ ಅಲ್ಲಿ."

ಅಲ್ಲಿಗೆ ಮುಗಿಯಿತು. ಎಂಟೂ ಸೀರೆ ಕಪಾಟಿಗೆ ಮರಳಿದವು. ಅಂಬರ್ ಸರಕ್ಕೆ ನಲ್ಲಿ ನೀರಿನಲ್ಲಿ ಸ್ನಾನವಾಗಿ, ಮತ್ತೆ ತಾಳಿಯ ಪಕ್ಕದ ಜಾಗ ಸಿಕ್ಕಿತು. ಮರಿತಾಯಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅಪ್ಪಣೆ ಮಾಡಿದರು.

"ನವ್ಯಾ, ಆ ಬೊಂಬೆದು ಏನು ಬರೆದವ್ರೆ, ಕನ್ನಡದಲ್ಲಿ ಓದಿ ಹೇಳು. ನನ್ನ ಸವತಿ ಚರಿತ್ರೆ ನಂಗೂ ಗೊತ್ತಾಗ್ಲಿ."

"ಚರಿತ್ರೆ ಗಿರಿತ್ರೆ ಯಾಕೆ ಈಗ?" ಶಿವರಾಮು ಎದ್ದುಬಿಟ್ಟರು. "ಕಾಫಿ ನಾನೇ ಮಾಡ್ತೀನಿ." ಮದುವೆಯಾದಾಗಿನಿಂದ ಅವರು ಕಾಫಿ ಮಾಡಿದವರಲ್ಲ.

ನವ್ಯಾ ಓದಿದಳು. "ಕಾರಂಜಿ, ಬೊಂಬೆ ಎರಡನ್ನೂ ಊರಿನ ಹಳೇ ಕವಿಯೊಬ್ಬರ ನೆನಪಿಗೆ ಅಂತ ನಿಲ್ಲಿಸಿದ್ದು, ಸಾವಿರದ ಒಂಬೈನೂರ ಹನ್ನೆರಡರಲ್ಲಿ."

"ಅಯ್ಯೋ, ನಮ್ಮಜ್ಜಿ ವಾರಿಗೆಯೋಳು!" ಮರಿತಾಯಮ್ಮ ಈಗ ಬಾಯ್ತುಂಬ ನಕ್ಕರು. "ಆಮೇಲೆ?"

ನವ್ಯಾಳ ಕಣ್ಣು ಮುಂದಿನ ಸಾಲಿಗೆ ಹೋಯಿತು. ಒಲೆಯ ಮುಂದಿದ್ದ ಅಪ್ಪನ ಬೆನ್ನಿನ ಮೇಲೆ ನಿಂತಿತು. ಅಮ್ಮನ ಕೊರಳಿಗೆ ಬಂತು.

"ಅಷ್ಟೇ ಅಮ್ಮ," ಎಂದು ಟ್ಯಾಬ್ಲೆಟ್ಟನ್ನು ಮಗುಚಿಟ್ಟಳು.

ಓದದೆ ಬಿಟ್ಟದ್ದು ಒಂದೇ ಸಾಲು: ಎರಡನೇ ಮಹಾಯುದ್ಧದ ಹೊತ್ತಿಗೆ ಕಾಣೆಯಾದ ಪ್ರತಿಮೆ ಮತ್ತೆ ಚೌಕಕ್ಕೆ ಬಂದದ್ದು ೧೯೮೯ರಲ್ಲಿ.