ಕಪ್ಪು ಮೂಗು

ಸಿಂಹದ ವಯಸ್ಸನ್ನು ಅದರ ಮೂಗು ಹೇಳುತ್ತದೆ. ಪ್ರಾಯದ ಸಿಂಹಕ್ಕೆ ಗುಲಾಬಿ, ಮುದಿ ಸಿಂಹಕ್ಕೆ ಕಪ್ಪು. ಆಫ್ರಿಕಾದ ಆ ಬಯಲಿಗೆ ಶಿಕಾರಿಗೆ ಬಂದವರಿಗೆ ಸಿಂಹ ತೋರಿಸುವುದು ಸೈತೋತಿಯ ಕೆಲಸ. ಇಪ್ಪತ್ತು ವರ್ಷಗಳಲ್ಲಿ ಅವನು ಗುಲಾಬಿ ಮೂಗಿನ ಸಿಂಹದ ಕಡೆಗೆ ಒಮ್ಮೆಯೂ ಬೆರಳು ತೋರಿಸಿದವನಲ್ಲ.

"ಪ್ರಾಯದ್ದನ್ನ ಹೊಡೆದ್ರೆ ಏನಾಗುತ್ತೆ?" ಬಂದೂಕು ಹಿಡಿದ ಅತಿಥಿ ಪಿಸುಗುಟ್ಟಿದ.

"ಅದರ ಮರಿಗಳಿಗೆ ಕಾವಲಿರಲ್ಲ ಸರ್. ಬೇರೆ ಗಂಡು ಬಂದು ಒಂದನ್ನೂ ಬಿಡದೆ ಕೊಂದುಹಾಕುತ್ತೆ. ಮುದಿಯಾದ್ರೆ ಆ ಪಾಪ ಇಲ್ಲ. ನೀವು ಕೊಡೋ ದುಡ್ಡಲ್ಲೇ ಕಾಡು ಕಾಯೋರಿಗೆ ಸಂಬಳ."

ಎದುರಿಗಿದ್ದದ್ದು, ಪ್ರಾಣಿಗಳು ಕಣ್ಣಿಗೆ ಬೀಳಲೆಂದು ಹೋದ ವಾರ ಸೈತೋತಿಯೇ ಬೆಂಕಿಯಿಟ್ಟು ಸುಟ್ಟಿದ್ದ ಹುಲ್ಲುಗಾವಲು. ಅದರ ನಡುವೆ ನೆಲಕ್ಕೆ ಮೂತಿ ಊರಿ ಮಲಗಿದ್ದ ಸಿಂಹ ತಲೆಯೆತ್ತಿತು. ಸೈತೋತಿ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದ.

"ಕಪ್ಪಾ?"

"ಕಪ್ಪು ಸರ್. ಹೊಡೀರಿ."

ಒಂದೇ ಗುಂಡು. ಸಿಂಹ ಮತ್ತೆ ಏಳಲಿಲ್ಲ.

"ಫೋಟೊ ತೆಗೀಬೇಕಿತ್ತು. ಸ್ವಲ್ಪ ಅದರ ಮುಖ ಒರೆಸ್ತೀರಾ?" ಎಂದ ಅತಿಥಿ.

ಪ್ರತಿ ಸಲವೂ ಒರೆಸುವವನು ಸೈತೋತಿಯೇ. ಒರೆಸುವ ಮೊದಲು ಸತ್ತ ಸಿಂಹದ ಕಿವಿಯಲ್ಲಿ ಒಂದು ಮಾತು ಹೇಳುವುದು ಅವನ ರೂಢಿ. ಇವತ್ತೂ ಮೊಣಕಾಲೂರಿ, ಕೇಸರ ಸರಿಸಿ, "ತಪ್ಪಾಯ್ತು ತಾತಾ, ಬಹಳ ದಿನ ಬಾಳಿದೆ, ಇನ್ನು ಮಲಕೋ" ಅಂದ.

ಆಮೇಲೆ ಒದ್ದೆ ಬಟ್ಟೆ ಹಿಡಿದ. ಬಟ್ಟೆಗೆ ಸುಟ್ಟ ಹುಲ್ಲಿನ ಮಸಿ ಹತ್ತಿತು. ಒರೆಸಿದಷ್ಟೂ ಮೂಗು ಗುಲಾಬಿಯಾಗುತ್ತ ಹೋಯಿತು.